ಹದಿನಾರಾಣೆ

ಚಳ್ಳಕೆರೆಯ ಎಣ್ಣೆಗಿರಣಿ ಬೀದಿಯಲ್ಲಿ
ಹಿಂಡಿಯ ಬಿಸಿ ವಾಸನೆ ಕಿಟಕಿಗೇ ಅಂಟಿಕೊಂಡ ಮಹಡಿಯಲ್ಲಿ
ರಾತ್ರಿ ಹನ್ನೊಂದರ ಮೇಲೆ ಕೂತು
ಚಂದ್ರನ ದೂರವನ್ನು ಮಿಲಿಮೀಟರಿನಲ್ಲಿ ಓದುತ್ತೇನೆ.

ದೂರದರ್ಶಕ ನನ್ನದಲ್ಲ, ಬೇರೊಂದು ದೇಶದ ಬೆಟ್ಟದ್ದು.
ಅಲ್ಲಿಂದ ಹಸಿರು ಬೆಳಕಿನ ಒಂದು ಮಿಡಿತ ಹೊರಟು
ಯಾರೋ ಅಲ್ಲಿಟ್ಟು ಬಂದ ಗಾಜಿನ ಮೂಲೆಗೆ ತಾಗಿ
ಎರಡೂವರೆ ಸೆಕೆಂಡಿಗೆ ವಾಪಸು.
ಹೋದದ್ದು ಲೆಕ್ಕವಿಲ್ಲದ ರಾಶಿ,
ಬಂದದ್ದು ಒಂದು ಕಣ. ಒಮ್ಮೊಮ್ಮೆ ಅದೂ ಇಲ್ಲ.
ನನ್ನ ಪಾಲಿಗೆ ಬರುವುದು ಬರೀ ಅಂಕಿ.

ಅಪ್ಪ ಪಾಲಯ್ಯ, ಸರ್ವೆ ಇಲಾಖೆಯಲ್ಲಿ
ಮೂವತ್ತೊಂದು ವರ್ಷ ಸರಪಳಿ ಎಳೆದವನು.
ಸರಪಳಿಗೆ ಮೂವತ್ತಮೂರು ಅಡಿ, ಅಂದರೆ ಹದಿನಾರು ಆಣೆ.
ಪರಶುರಾಂಪುರದಿಂದ ನಾಯಕನಹಟ್ಟಿಯವರೆಗೆ
ಅವನು ತುಳಿಯದ ಬದು ಇಲ್ಲ.

"ಹೋದ ವರ್ಷ ಅಳೆದಿದ್ದೇ ಅಲ್ಲೇನವ್ವ ಇದು?"
"ಎಷ್ಟು ದೂರ ಅಂತಲ್ಲಪ್ಪ.
ದಾರಿಯಲ್ಲಿ ಪಕ್ಷಪಾತ ಇದೆಯಾ ಅಂತ."

ಭೂಮಿ ಸೂರ್ಯನತ್ತ ಬೀಳುತ್ತಲೇ ಇದೆ, ಚಂದ್ರನೂ.
ಇದರ ಹೊಟ್ಟೆ ತುಂಬ ಕಬ್ಬಿಣ, ಅವನದು ಹೆಚ್ಚೂಕಮ್ಮಿ ಕಲ್ಲು.
ಒಬ್ಬರಿಗೆ ಕೂದಲೆಳೆಯಷ್ಟು ಅವಸರ ಇದ್ದರೂ
ಅಮಾವಾಸ್ಯೆಗೂ ಹುಣ್ಣಿಮೆಗೂ ನಡುವೆ
ದಾರಿ ಒಂದು ಕಡೆಗೆ ವಾಲಬೇಕು.
ಮತ್ತೆ, ಯುಗಾದಿಗೆ ನಾವು ಓಡುತ್ತಿದ್ದ ದಿಕ್ಕು
ಮಾರ್ನಮಿಯ ಹೊತ್ತಿಗೆ ತಿರುವುಮುರುವು.
ಬಯಲಿಗೆ ಮೆಚ್ಚಿನ ದಿಕ್ಕು ಅಂತ ಒಂದಿದ್ದರೆ
ಬೆಳಕು ಅಲ್ಲೆಲ್ಲೋ ಎಡವಲೇಬೇಕು.

ಅಪ್ಪ ಬೀಡಿ ಆರಿಸಿದ.
"ಗಾಳಿಗಂತೂ ಐತೆ. ಜೋಗಿಮಟ್ಟಿ ಕಡೆ ಆಷಾಢದಾಗೆ
ಅಷ್ಟೂ ರೆಕ್ಕೆ ಪಡುವಣಕ್ಕೇ ಮುಖ ಮಾಡಿರ್ತಾವೆ.
ಬೆಳಕಿಗೆ ಯಾಕಿರಬಾರದು?"
ಅದೇ, ಅಂದೆ. ಅದಕ್ಕೇ ಅಳೆಯುವುದು.

ಕಳೆದ ಮಾಗಿಯಲ್ಲಿ ಅದು ಕಂಡಿತು.
ಒಂದೂವರೆ ಸೆಂಟಿಮೀಟರಿನ ಅಲೆ,
ವರ್ಷಕ್ಕೊಮ್ಮೆ ಏಳುತ್ತದೆ, ವರ್ಷಕ್ಕೊಮ್ಮೆ ಬೀಳುತ್ತದೆ.
ಮೂರು ರಾತ್ರಿ ಕಣ್ಣು ಮುಚ್ಚಲಿಲ್ಲ.
ಸುಳ್ಳೇಕೆ, ನನ್ನ ಹೆಸರಿನ ಕೆಳಗೆ ಗೆರೆ ಎಳೆದು ನೋಡಿಕೊಂಡೆ.
ನಾಲ್ಕನೆಯ ಬೆಳಗ್ಗೆ ಅಪ್ಪನಿಗೆ ಮಾತ್ರ ಹೇಳಿದೆ.

"ಗೂಟ ಎಲ್ಲಿ ನೆಟ್ಟವ್ರೆ?"
"ಬೆಟ್ಟದ ಮೇಲೆ."
"ಅಲ್ಲಿ ಮಳೆ ಯಾವಾಗ?"

ಆಮೇಲೆ ದೊಡ್ಡುಳ್ಳಾರ್ತಿಯ ಕತೆ ತೆಗೆದ.
ಕೊಂಡಿ ಸವೆದು ಸರಪಳಿ ಎರಡಂಗುಲ ಬೆಳೆದಿತ್ತಂತೆ.
ಹೊಲ ಕಿರಿದಾಯಿತೆಂದು ಅಣ್ಣ ತಮ್ಮನ ಮೇಲೆ ಕೊಡಲಿ ಎತ್ತಿದ್ದನಂತೆ.
"ಹೊಲ ಇದ್ದಷ್ಟೇ ಇತ್ತು ಕಣವ್ವ.
ಕೈಯಾಗಿದ್ದದ್ದನ್ನ ಮೊದಲು ಅಳಿಬೇಕು."

ಹುಡುಕಿದೆ. ಇತ್ತು.
ನೀರು ಕುಡಿದು ಭಾರವಾದ ಬೆಟ್ಟ ಒಂದಿಷ್ಟು ತಗ್ಗುತ್ತದೆ,
ಒಣಗಿದಾಗ ಮೈಮುರಿದು ಏಳುತ್ತದೆ.
ಅದನ್ನು ಕಳೆದೆ.
ಅಲೆ ಮಲಗಿತು, ಕಾವಲಿನ ಹುಲ್ಲು ಮಲಗುವಂತೆ ಅಲ್ಲ,
ಏಳುವುದೇ ಇಲ್ಲದಂತೆ.

"ಈಗ ಏನು ಬರೀತೀಯ?"
"ಸೊನ್ನೆ."
"ಎಷ್ಟು ದೊಡ್ಡದು?"

ಇಷ್ಟು ವರ್ಷದಲ್ಲಿ ಯಾರೂ
ಇಷ್ಟು ಸರಿಯಾದ ಪ್ರಶ್ನೆ ಕೇಳಿರಲಿಲ್ಲ.
ಸೊನ್ನೆಯ ಆಚೆ ಈಚೆ ಎಷ್ಟು ಅನುಮಾನ ಉಳಿದಿದೆ ಎಂದು ಹೇಳಿದೆ.
ಹಿಂದಿನವರದಕ್ಕಿಂತ ಚಿಕ್ಕದು.
ಇನ್ನೂ ಚಿಕ್ಕದಾಗಬಹುದು.
ಆ ಸಂದಿಯಲ್ಲಿ ಏನಾದರೂ ಅಡಗಿರಲೂಬಹುದು.

ಅಪ್ಪ ತಲೆಯಾಡಿಸಿದ. ಕಲ್ಲಿಂದ ಕಲ್ಲಿಗೆ ಸುತ್ತು ಹಾಕಿ
ಮೊದಲ ಕಲ್ಲಿಗೇ ಬಂದು ನಿಂತಾಗ
ಪುಸ್ತಕದ ಕೊನೆಯ ಕಾಲಮಿನಲ್ಲಿ ಸೊನ್ನೆ ಬಿದ್ದರೆ
ಸಾಹೇಬರು ಟೀ ಕೊಡಿಸುತ್ತಿದ್ದರಂತೆ.
"ನಿಂಗೆ ಯಾರು ಕೊಡಿಸ್ತಾರೆ?"

ಇಳಿದು ಹೋದೆವು. ಲಾರಿ ತೂಗುವ ಕಟ್ಟೆಯ ಪಕ್ಕದ ಗೂಡಂಗಡಿ,
ಅರ್ಧರ್ಧ ಲೋಟ, ನೆತ್ತಿಯ ಮೇಲೆ ಅವನು.
ಅಭ್ಯಾಸ ಬಿಡದ ಅಪ್ಪ ಹೆಜ್ಜೆ ಎಣಿಸುತ್ತಿದ್ದ.
ಹೋಗುವಾಗ ತೊಂಬತ್ತೇಳು, ಬರುವಾಗ ತೊಂಬತ್ತೊಂಬತ್ತು.
ಮೆಟ್ಟಿಲ ಬಳಿ ನಿಂತು ಉಸಿರು ತಗೊಂಡು ಅಂದ:
"ಆ ಎರಡು ಮಂಡೀದು.
ಬೀದೀದಲ್ಲ. ಬರ್ಕೋ."